ಹಿಂದಿನ ಸೀಟು ನೋಡಿ ಕೊಂಡ ಗಾಡಿ

ನಾನು ಶಾಲೆ ಬಿಟ್ಟದ್ದು 1994ರಲ್ಲಿ, ಏಳನೇ ಇಯತ್ತೆಯ ನಡುವೆ. ದೀಪಾವಳಿ ರಜೆಗೆ ಮನೆಗೆ ತಂದ ಪಾಟಿಚೀಲವನ್ನು ಮತ್ತೆ ಹೆಗಲಿಗೆ ಹಾಕುವ ಪ್ರಸಂಗ ಬರಲಿಲ್ಲ. ಗುಳೇದಗುಡ್ಡದಲ್ಲಿ ಅಪ್ಪನ ಮಗ್ಗ ನಿಂತುಹೋಗಿತ್ತು. ಹಬ್ಬಕ್ಕೆ ಬಂದಿದ್ದ ಚನ್ನಪ್ಪ ಮಾವ, ಅಂದರೆ ನಮ್ಮವ್ವನ ಅಣ್ಣ, ನನ್ನ ತಲೆಯ ಮೇಲೆ ಕೈಯಿಟ್ಟು, "ಇವನ್ನ ನನ್ನ ಸಂಗಾಟ ಕಳಸ್ರಿ, ಕೈಗೊಂದು ಕಸಬು ಹಚ್ಚತೀನಿ" ಅಂದ. ಮಾವ ಪುಣೆಯಲ್ಲಿ ಖಣದ ವ್ಯಾಪಾರಿ. ನಮ್ಮೂರಿನ ಮಗ್ಗದಲ್ಲಿ ನೇಯ್ದ ರವಿಕೆ ಬಟ್ಟೆಯನ್ನು ಅಲ್ಲಿಯ ಅಂಗಡಿಗಳಿಗೆ ಮುಟ್ಟಿಸುವುದು ಅವನ ಉದ್ಯೋಗ. ಆ ಉದ್ಯೋಗದಲ್ಲಿ ನನಗೆ ಸಿಕ್ಕ ಜಾಗ ಅವನ ಬುಲೆಟ್ಟಿನ ಹಿಂದಿನ ಸೀಟು.

ಈಗ ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಮುಂಚೆ ನನ್ನ ಗಾಡಿ ತೊಳೆಯಲು ಕೂರುತ್ತೇನೆ. ಬೆರಳಿಗೆ ಪೆಟ್ರೋಲಿನ ವಾಸನೆ ಹತ್ತಿರುತ್ತದೆ, ಪಕ್ಕದಲ್ಲಿ ಚೆಂಡುಹೂವಿನ ರಾಶಿ ಇರುತ್ತದೆ. ಎರಡೂ ವಾಸನೆ ಕೂಡಿ ಮೂಗಿಗೆ ಬಂದರೆ ಆ ಒಂದು ಮಳೆಗಾಲ ಇದ್ದಕ್ಕಿದ್ದ ಹಾಗೆ ಎದ್ದು ನಿಲ್ಲುತ್ತದೆ. ನನಗೆ ಲೈಸೆನ್ಸ್ ಸಿಕ್ಕ ಮಳೆಗಾಲ. ನಾನು ಗಾಡಿ ಹುಡುಕಿಕೊಂಡು ಪುಣೆ ಜಿಲ್ಲೆಯೆಲ್ಲ ತಿರುಗಿದ ಮಳೆಗಾಲ.

ಅದಕ್ಕೂ ಮೊದಲು ಆ ಹಿಂದಿನ ಸೀಟಿನ ಬಗ್ಗೆ ಹೇಳಬೇಕು. ಮಾವನ ಬುಲೆಟ್ಟಿಗೆ ಎರಡು ಬೇರೆ ಬೇರೆ ಸೀಟು. ಮುಂದಿನದು ಅಗಲವಾದ ಚರ್ಮದ್ದು, ಅಡಿಯಲ್ಲಿ ದಪ್ಪ ಸ್ಪ್ರಿಂಗು. ಹಿಂದಿನದು ಮಡ್‌ಗಾರ್ಡಿನ ಮೇಲೆ ಬೋಲ್ಟು ಬಿಗಿದಿದ್ದ ಒಂದು ರಬ್ಬರ್ ಹಲಗೆ. ರಸ್ತೆಯಲ್ಲಿ ಉಬ್ಬು ಬಂದರೆ ಮಾವ ತೊಟ್ಟಿಲಲ್ಲಿದ್ದ ಹಾಗೆ ತೂಗುತ್ತಿದ್ದ, ನಾನು ಮೂಳೆಯ ಮೇಲೆ ಬೀಳುತ್ತಿದ್ದೆ. ತೊಡೆಯ ಮೇಲೆ ಖಣದ ಗಂಟು, ಅದರ ತುದಿ ನನ್ನ ಗದ್ದಕ್ಕೆ. ಎರಡೂ ಕೈ ಗಂಟಿನ ಮೇಲಿದ್ದರೆ ಹಿಡಿದುಕೊಳ್ಳಲು ಏನೂ ಇರುತ್ತಿರಲಿಲ್ಲ. ಗಂಟು ಜಾರತೊಡಗಿದರೆ ಮಾವನ ಬೆನ್ನು ತಟ್ಟುತ್ತಿದ್ದೆ. ಮಾವ ನಿಲ್ಲಿಸುತ್ತಿರಲಿಲ್ಲ. ಲಕ್ಷ್ಮೀ ರಸ್ತೆಯಲ್ಲಿ ಅಂಗಡಿಯ ಮುಂದೆ ಇಳಿದ ಮೇಲೆ ತಿರುಗಿ, "ಏನಲೇ ಈರ್ಯಾ, ನನ್ನ ಬೆನ್ನಂದ್ರ ತಬಲಾ ಅಂತ ತಿಳದಿಯೇನ?" ಅನ್ನುತ್ತಿದ್ದ.

ಅಂಗಡಿಯವರು ನನ್ನತ್ತ ನೋಡಿ, ಇವನಾರು ಎಂದು ಮರಾಠಿಯಲ್ಲಿ ಕೇಳಿದರೆ ಮಾವನ ಉತ್ತರ ಯಾವಾಗಲೂ ಒಂದೇ: "ಹಾ ಆಮಚಾ ಮಾಣೂಸ." ಇವ ನಮ್ಮ ಆಳು. ತಂಗಿಯ ಮಗ ಅನ್ನಲಿಲ್ಲ, ಈರಣ್ಣ ಅನ್ನಲಿಲ್ಲ. ನನಗೆ ಮೀಸೆ ಬಂದು, ಮದುವೆಯಾಗಿ, ಮಗಳ ಅಪ್ಪನಾದ ಮೇಲೂ ಆ ಅಂಗಡಿಗಳಲ್ಲಿ ನನಗೆ ಹೆಸರಿರಲಿಲ್ಲ.

ಹದಿನೆಂಟು ತುಂಬಿದಾಗ ನಾನೂ ಗಾಡಿ ಕಲಿಯುತ್ತೇನೆ ಅಂದಿದ್ದೆ. ಮಾವ ಉಣ್ಣುತ್ತಿದ್ದವನು ತುತ್ತು ನಿಲ್ಲಿಸದೆ ಹೇಳಿದ, "ಲೈಸೆನ್ಸಿಗೆ ಶಾಲಿ ಕಲಿತ ಕಾಗದ ಕೇಳತಾರ. ನಿನ್ನ ಕಡೆ ಏನೈತಿ? ಏಳನೇತ್ತ ಅರ್ಧಾ ಐತಿ. ಅರ್ಧಾ ಗಾಡಿಗೆ ಲೈಸೆನ್ಸ್ ಕೊಡಂಗಿಲ್ಲ."

ನಂಬಿದೆ. ಮುಂದೆ ಕೆಲವು ವರ್ಷಕ್ಕೆ ಲಾರಿ, ಟೆಂಪೊ ಓಡಿಸುವವರು ಎಂಟನೇ ಇಯತ್ತೆ ದಾಟಿರಬೇಕು ಎಂಬ ನಿಯಮವೂ ಬಂತು. ನಮ್ಮ ಓಣಿಯ ಒಬ್ಬ ಟೆಂಪೊದವನು ಅದಕ್ಕಾಗಿ ಅಳುತ್ತ ಕೂತದ್ದನ್ನು ಕಣ್ಣಾರೆ ಕಂಡೆ. ಮಾವನ ಮಾತು ಇನ್ನೂ ಗಟ್ಟಿಯಾಯಿತು. ಬೇರೆ ಯಾರನ್ನೂ ಕೇಳಲಿಲ್ಲ. ಕೇಳಿದರೆ, ನೀನೆಷ್ಟು ಓದಿದ್ದೀ ಎಂದು ತಿರುಗಿ ಕೇಳುತ್ತಾರೆ. ಆ ಪ್ರಶ್ನೆಗೆ ನಾನು ಇವತ್ತಿಗೂ ಯಾರಿಗೂ ಉತ್ತರ ಕೊಡಬೇಕಾದವನಲ್ಲ.

ಮಾವನನ್ನು ಬಿಟ್ಟು ಪುಣೆಯದೇ ಬಿಬ್ವೇವಾಡಿಯಲ್ಲಿ ನನ್ನದೇ ಅಂಗಡಿ ಹಾಕಿದೆ. ಖಣದ ರವಿಕೆ, ಖಣದ ಚೀಲ, ಬಾಗಿಲಿಗೆ ಕಟ್ಟುವ ಖಣದ ತೋರಣ. ಅಂಗಡಿ ನಡೆಯಿತು. ಸಿಟಿ ಬಸ್ಸಿನಲ್ಲಿ, ರಿಕ್ಷಾದಲ್ಲಿ, ನಡೆದು, ಮಾವನ ಹಳೆಯ ಗಿರಾಕಿಗಳ ಅಂಗಡಿಗೂ ನಾನೇ ಮಾಲು ಮುಟ್ಟಿಸತೊಡಗಿದೆ. ಅವರು ನನ್ನನ್ನು ಈರಣ್ಣಾ ಎಂದು ಕರೆಯತೊಡಗಿದರು. ಆದರೆ ಗಂಟು ಮಾತ್ರ ಇನ್ನೂ ನನ್ನ ಬೆನ್ನ ಮೇಲೇ ಇತ್ತು.

ಸತ್ಯ ಹೇಳಿದವಳು ಸುಮನ ಮಾವಶಿ, ಮರಾಠಿಯಲ್ಲಿ ಓಣಿಗೆಲ್ಲ ಚಿಕ್ಕವ್ವ. ನನ್ನ ಅಂಗಡಿಯ ಮುಂದೆ ಹೂ ಮಾರುತ್ತಾಳೆ, ಬೆಳಗಾದರೆ ಸ್ಕೂಟರಿನ ಮೇಲೆ ಚೆಂಡುಹೂವಿನ ಮೂಟೆ ಹೇರಿಕೊಂಡು ಬರುತ್ತಾಳೆ. ಆ ವರ್ಷ ಜೂನ್ ಮಳೆ ಹಿಡಿದ ದಿನ, ರಿಕ್ಷಾ ಸಿಗದೆ ಗಂಟು ಹೊತ್ತು ನಿಂತ ನನ್ನನ್ನು ನೋಡಿ, ನೀನೇಕೆ ಒಂದು ಗಾಡಿ ತೆಗೆದುಕೊಳ್ಳಬಾರದು ಎಂದು ಕೇಳಿದಳು. ಮಳೆಗೋ ಸಿಟ್ಟಿಗೋ ಬಾಯಿ ಜಾರಿತು. ಶಾಲೆ ಆಗಿಲ್ಲ ಮಾವಶಿ, ಲೈಸೆನ್ಸ್ ಕೊಡುವುದಿಲ್ಲ ಅಂದೆ. ಅವಳು ಕೊಡೆಯ ಕೆಳಗೇ ಬಗ್ಗಿ ನಕ್ಕಳು.

"ಅರೇ ಬಾಬಾ, ಮೀ ಚೌಥೀ ನಾಪಾಸ!"

ನಾಲ್ಕನೇ ಇಯತ್ತೆ ಫೇಲಾದವಳು ಸೊಂಟದ ಚೀಲದಿಂದ ಲೈಸೆನ್ಸ್ ತೆಗೆದು ನನ್ನ ಮುಖದ ಮುಂದೆ ಹಿಡಿದಳು. ಶಾಲೆಯ ನಿಯಮ ಇದ್ದದ್ದು ಬಾಡಿಗೆಯ ಗಾಡಿಯವರಿಗೆ. ಅದೂ ತೆಗೆದುಹಾಕಿ ಕೆಲವು ವರ್ಷವಾಗಿತ್ತು. ಸ್ವಂತದ ದ್ವಿಚಕ್ರಕ್ಕೆ ಅದು ಎಂದೂ ಇರಲಿಲ್ಲ. ನಾನು ಮಳೆಯಲ್ಲಿ ಹಾಗೇ ನಿಂತಿದ್ದೆ. ಗಂಟು ನೆನೆಯುತ್ತಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ ಮಾಲು ನೆನೆಯುವುದನ್ನು ನೋಡಿಯೂ ಸುಮ್ಮನಿದ್ದೆ.

ಲೈಸೆನ್ಸ್ ಕೈಗೆ ಬರಲು ಶ್ರಾವಣವಾಯಿತು. ನಲವತ್ತು ದಾಟಿದ ಗಂಡಸು ಕಾಲೇಜು ಹುಡುಗಿಯರ ನಡುವೆ ಸಾಲಿನಲ್ಲಿ ನಿಂತು, ಮೈದಾನದಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ತೋರಿಸಿದೆ. ಕಾಲು ನೆಲಕ್ಕೆ ತಾಗಿಸಲಿಲ್ಲ. ಅದೇ ವಾರ ನಮ್ಮೂರ ಕಡೆಯವರೊಬ್ಬರ ಮೊಮ್ಮಗಳ ತೊಟ್ಟಿಲ ಕಾರ್ಯ. ಪುಣೆಯಲ್ಲಿರುವ ಗುಳೇದಗುಡ್ಡದವರೆಲ್ಲ ಒಂದು ಮಂಗಲ ಕಾರ್ಯಾಲಯದಲ್ಲಿ ಊಟಕ್ಕೆ ಕೂತಿದ್ದರು. ಮಾವ ಪಂಕ್ತಿಯ ತುದಿಯಲ್ಲಿ, ಹಿರಿಯರ ಜಾಗದಲ್ಲಿ. ನಾನು ಎಲ್ಲರೆದುರಿಗೇ ಕೇಳಿದೆ.

"ಮಾವಾ, ಲೈಸೆನ್ಸಿಗೆ ಶಾಲಿ ಕಾಗದ ಕೇಳಲಿಲ್ಲರಿ. ಅಂದು ಯಾಕ ಹಂಗ ಹೇಳಿದ್ರಿ?"

ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಕೈ ಅಲುಗಲಿಲ್ಲ. "ಹಂಗ ಹೇಳಿದ್ದಕ್ಕ ನಿನ್ನ ಕೈಕಾಲು ಇನ್ನೂ ನೆಟ್ಟಗದಾವ" ಅಂದ. ಆಮೇಲೆ ಪಂಕ್ತಿಗೆಲ್ಲ ಕೇಳುವ ಹಾಗೆ, "ಕೇಳಿದ್ರೇನ್ರಿ? ನಮ್ಮ ಈರ್ಯಾ ಲೈಸೆನ್ಸ್ ತಗೊಂಡಾನಂತ. ಹಿಂದಿನ ಸೀಟಿಂದು!"

ಪಂಕ್ತಿ ಪೂರ್ತಿ ನಕ್ಕಿತು. ಬಡಿಸುವವನು ನಕ್ಕ. ನನ್ನ ಪಕ್ಕದಲ್ಲಿ ಕೂತವನು ಮುಖ ತಿರುಗಿಸಿ ನಕ್ಕ.

"ಈ ದಸರೆಗೆ ನಿಮ್ಮ ಮನೀಗೆ ಗಾಡಿ ಮ್ಯಾಲ ಬರತೀನ್ರಿ ಮಾವಾ" ಅಂದೆ.

"ಬಾರಲೇ. ಯಾರ ಹಿಂದ ಕುಂತು ಬರತಿ ಮೊದಲ ತಿಳಸು, ಅವರಿಗೂ ಚಾ ಮಾಡಿಸಿಡತೀನಿ."

ಮತ್ತೆ ನಗು. ನಾನು ಎಲೆ ಮಡಿಸಿ ಎದ್ದೆ. ಹೋಳಿಗೆ ಹಾಗೇ ಇತ್ತು. ಕೈ ತೊಳೆಯುವಾಗಲೇ ನನಗೆ ಎಂಥ ಗಾಡಿ ಬೇಕು ಎಂಬುದು ನಿಶ್ಚಯವಾಗಿಹೋಗಿತ್ತು.

ದಸರೆಯ ಬಗ್ಗೆ ಗೊತ್ತಿಲ್ಲದವರಿಗೆ ಹೇಳಬೇಕು. ಅವತ್ತು ನಮ್ಮ ಮಂದಿಯೆಲ್ಲ ಮೊದಲು ಮಾವನ ವಾಡೆಯಲ್ಲಿ ಸೇರಿ, ಊರ ಹೊರಗಿನ ಗುಡಿಯ ಬನ್ನಿಗಿಡಕ್ಕೆ ಹೋಗಿ, ಅಲ್ಲಿ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವುದು ರೂಢಿ. ಕಿರಿಯರು ಹಿರಿಯರ ಕಾಲು ಮುಟ್ಟಬೇಕು. ಹಿರಿಯರು, ಎಂಥ ಜಗಳವಿದ್ದರೂ, ಹರಸಲೇಬೇಕು. ಆ ದಿನ ಕಿರಿಯನೊಬ್ಬ ಕರೆದರೆ ಬರುವುದಿಲ್ಲ ಅನ್ನುವ ಹಾಗಿಲ್ಲ. ಮೊದಲೆಲ್ಲ ಮಾವ ಬುಲೆಟ್ಟಿನ ಮೇಲೆ ಮುಂದೆ ಹೊರಡುತ್ತಿದ್ದ, ಪೂಜಿಸಿ ಹಂಚಲು ಪೇಟೆಯಿಂದ ತಂದ ಬನ್ನಿಯ ಹೊರೆ ಹಿಡಿದು ನಾನು ಹಿಂದೆ. ಈಗ ಅವನ ಮೊಣಕಾಲು ಕಿಕ್ಕಿಗೆ ಬಗ್ಗುತ್ತಿರಲಿಲ್ಲ. ಬುಲೆಟ್ಟು ಮಾರಿದ್ದ. ರಿಕ್ಷಾದಲ್ಲಿ ಹೋಗುತ್ತಿದ್ದ.

ಪುಣೆಯ ಕ್ಯಾಂಪ್ ಪೇಟೆಯ ಒಂದು ಓಣಿಯಲ್ಲಿ ರಜಾಕ್ ಚಾಚಾ ಅಂತ ಇದ್ದಾರೆ. ಮೂಲ ವಿಜಾಪುರದವರು, ಹಳೆಯ ಗಾಡಿಗಳನ್ನು ಬಿಟ್ಟು ಬೇರೆ ಗಾಡಿಗೆ ಪಾನಾ ಹಚ್ಚುವುದಿಲ್ಲ. ಅವರ ಗ್ಯಾರೇಜಿಗೆ ಹೋದೆ.

"ಹೊಸಾ ಲೈಸೆನ್ಸ್ ಅಂತೀರಿ. ಮೊದಲನೇ ಗಾಡೀನ ಹಳೇದು ಯಾಕ?" ಅಂದರು ಚಾಚಾ. "ಹಳೇದರಂಗ ಕಾಣೂ ಹೊಸಾವು ಶೋರೂಮಿನ್ಯಾಗ ಸಿಗತಾವ. ಗುಂಡಿ ಒತ್ತಿದರ ಚಾಲೂ."

"ಗುಂಡಿ ಬ್ಯಾಡ್ರಿ. ಕಿಕ್ ಹೊಡದು ಚಾಲೂ ಮಾಡೂದು ಬೇಕು. ನೋಡೂ ಮಂದಿ ಇರತಾರ."

ಅವರು ಒಂದು ಬುಲೆಟ್ಟಿನ ಮೇಲಿನ ಹೊದಿಕೆ ತೆಗೆದರು. ಕಪ್ಪು ಬಣ್ಣ, ಪೆಟ್ರೋಲ್ ಟಾಕಿಗೆ ಬಂಗಾರದ ಗೆರೆ, ಮುಖ ನೋಡಿಕೊಳ್ಳುವಂಥ ಹೊಳಪು. "ಹತ್ರಿ, ನೋಡ್ರಿ" ಅಂದರು. ನಾನು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

ಚಾಚಾ ಹೊದಿಕೆ ಮಡಿಸಿಟ್ಟು ತಿರುಗಿ ನೋಡಿದರು. "ಅಣ್ಣಾರ, ಹ್ಯಾಂಡಲ್ ಮುಂದ ಐತಿ."

"ಗೊತ್ತೈತ್ರಿ. ನೀವು ಓಡಸ್ರಿ."

ಕ್ಯಾಂಪಿನಲ್ಲಿ ಒಂದು ಸುತ್ತು ಹಾಕಿಸಿದರು. ಚರ್ಚಿನ ಹತ್ತಿರದ ಗುಂಡಿಯಲ್ಲಿ ಗಾಡಿ ಇಳಿದು ಎದ್ದಿತು; ನನಗೆ ಏನೂ ಆಗಲಿಲ್ಲ. ಉದ್ದನೆಯ ಒಂದೇ ಸೀಟು, ಒಳಗೆ ಒಳ್ಳೆಯ ಸ್ಪಂಜು. "ಇದು ಬ್ಯಾಡ್ರಿ, ಇದು ಸೋಫಾ" ಅಂದೆ.

"ಮಂದಿ ಕಿವಿಲೆ ಎಂಜಿನ್ ಕೇಳಿ ಗಾಡಿ ತಗೋತಾರ. ನೀವು ಕುಂಡಿಲೆ ಕೇಳಾಕತ್ತೀರಿ."

"ಹಿಂದ ಕುಂತವರ ಹಲ್ಲು ಒಂದಕ್ಕೊಂದು ಬಡೀಬೇಕ್ರಿ ಚಾಚಾ. ಅಂಥಾದ್ದು ಬೇಕು."

"ಯಾರ್ರೀ ಅಂಥಾ ಪುಣ್ಯಾತ್ಮ?"

"ನಮ್ಮ ಸ್ವಾದರಮಾವ."

ಚಾಚಾ ಗಾಡಿ ನಿಲ್ಲಿಸಿ, ಇಳಿದು, ರಸ್ತೆಯ ಬದಿಯಲ್ಲಿ ನಿಂತು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಇದನ್ನ ಮೊದಲ ಹೇಳಬೇಕಲ್ಲ" ಅಂದರು. ಅವತ್ತಿನಿಂದ ಅವರು ನನ್ನ ಗಾಡಿಯನ್ನು ತಮ್ಮದೇ ಕೆಲಸ ಎನ್ನುವ ಹಾಗೆ ಹುಡುಕತೊಡಗಿದರು.

ಮನೆಯಲ್ಲಿ ಗೌರವ್ವ ಸುಮ್ಮನಿರಲಿಲ್ಲ. ನನ್ನ ಹೆಂಡತಿ ಹೊಲಿಯುತ್ತಲೇ ಮಾತಾಡುವವಳು, ಸೂಜಿಯ ಹಾಗೆಯೇ ಮಾತಾಡುವವಳು. "ಗಾಡಿ ಯಾರಿಗೆ ತಗೋಳಾಕತ್ತೀರಿ? ನಿಮಗೋ, ನಿಮ್ಮ ಮಾವಗೋ?"

"ಇಬ್ಬರಿಗೂ."

"ಮತ್ತ ನಾ ಎಲ್ಲಿ ಕುಂದರಲಿ?"

ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ದಸರಾ ಮುಗೀಲಿ, ಸೀಟು ಬದಲಿಸಿದರಾಯಿತು ಅಂದೆ. ಅವಳು ದಾರ ಹಲ್ಲಿನಿಂದ ಕಡಿದಳು.

ಗಣಪತಿ ಹಬ್ಬ ಮುಗಿದು ಮಳೆ ತುಸು ಬಿಡುವು ಕೊಟ್ಟಾಗ ಬಾರಾಮತಿಯಲ್ಲೊಂದು ಗಾಡಿಯಿದೆ ಎಂದು ಚಾಚಾ ಕರೆದುಕೊಂಡು ಹೋದರು. ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಒಬ್ಬ ಮುದುಕರ ಮನೆ. ಗಾಡಿಯನ್ನು ಅಂಗಳದಲ್ಲಲ್ಲ, ನಡುಮನೆಯಲ್ಲಿ ನಿಲ್ಲಿಸಿದ್ದರು. ಬುಲೆಟ್ ಅಲ್ಲ. ಎರಡು ಸೈಲೆನ್ಸರಿನ ಹಳೆಯ ಗಾಡಿ, ಕುಂಕುಮದ ಬಣ್ಣದ ಟಾಕಿ. ಅದರಲ್ಲಿ ಕಿಕ್ಕೂ ಗೇರೂ ಒಂದೇ ಕೋಲು: ಹಿಂದಕ್ಕೆ ಎತ್ತಿ ಒದ್ದರೆ ಚಾಲೂ, ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಅದೂ ಎಡಗಾಲಿಗೆ, ನಾನು ಕಲಿತ ಹಾಗೆಯೇ. ಮುದುಕರು ಒತ್ತಾಯ ಮಾಡಿ ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿದರು.

ಕಾಲುವೆಯ ದಂಡೆ ಹಿಡಿದು ಹೋದೆ. ಎರಡೂ ಕಡೆ ಕಬ್ಬು, ಆಳೆತ್ತರ. ಮಳೆ ತೊಳೆದ ಎಲೆಗಳ ಮೇಲೆ ಬಿಸಿಲು. ಗಾಡಿ ಒಂದೇ ಸಮನೆ ಗುನುಗುತ್ತಿತ್ತು, ಕೈ ತಿರುವಿದಷ್ಟು ಓಡುತ್ತಿತ್ತು, ಬಿಟ್ಟರೆ ಸಾವಕಾಶ ಆಗುತ್ತಿತ್ತು. ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ. ತೊಡೆಯ ಮೇಲೆ ಗಂಟಿರಲಿಲ್ಲ. ಎಷ್ಟು ದೂರ ಹೋದೆನೋ ತಿಳಿಯಲಿಲ್ಲ. ತಿರುಗಿ ಬರುವಾಗ ನೆನಪಾಯಿತು, ಇಷ್ಟು ಹೊತ್ತೂ ನಾನು ಮಾವನನ್ನು ಮರೆತಿದ್ದೆ. ಹೆದರಿಕೆಯಾಯಿತು. ಅವನನ್ನು ಮರೆತರೆ ನನ್ನ ಕೈಯಲ್ಲಿ ಉಳಿಯುವುದೇನು ಅನ್ನಿಸಿತು.

ಗಾಡಿ ನಿಲ್ಲಿಸಿದಾಗ ಮುದುಕರು ಹಿಂದಿನ ಸೀಟಿನ ಮೇಲೆ ಕೈಯಾಡಿಸುತ್ತ, ತಮ್ಮ ಹೆಂಡತಿ ಇದರ ಮೇಲೆ ತುಳಜಾಪುರದವರೆಗೆ ಬಂದಿದ್ದಳು, ಒಮ್ಮೆಯೂ ಬೆನ್ನು ನೋವು ಅನ್ನಲಿಲ್ಲ ಎಂದು ಹೇಳಿದರು. ನಾನೂ ಕೈಯಾಡಿಸಿದೆ. ಮೆತ್ತಗಿತ್ತು. ಬರುತ್ತೇವೆ ಎಂದು ಕೈಮುಗಿದೆ.

ಬಸ್ಸಿನಲ್ಲಿ ಚಾಚಾ ಟಿಕೀಟು ಮಡಿಸಿ ಕಿಸೆಗೆ ಹಾಕಿಕೊಂಡರು. "ನಿಮಗ ಅದು ಸೇರಿತ್ತು. ನಾ ನಿಮ್ಮ ಮಾರಿ ನೋಡೀನಿ."

"ಸೇರಿತ್ತು."

"ಮತ್ತ?"

"ಮಾವಗ ಸೇರಬಾರದು."

ಕಡೆಗೆ ಸಿಕ್ಕದ್ದು ಪುಣೆ ಜಿಲ್ಲೆಯದೇ ಶಿರೂರಿನಲ್ಲಿ, ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಯ ಗೋದಾಮಿನಲ್ಲಿ. ಹಾಲಿನ ಕ್ಯಾನು ಹೊರಲು ಬಳಸಿದ ಮುದಿ ಬುಲೆಟ್ಟು. ಟಾಕಿಯ ಬಣ್ಣ ಮಾಸಿತ್ತು, ಒಂದು ಬದಿಗೆ ತಗ್ಗು ಬಿದ್ದಿತ್ತು. ಎಂಜಿನ್ ಗಟ್ಟಿಯಿದೆ ಎಂದು ಚಾಚಾ ಒಪ್ಪಿದರು. ಮುಂದೆ ಸ್ಪ್ರಿಂಗಿನ ಸೀಟು. ಹಿಂದೆ ಮಡ್‌ಗಾರ್ಡಿಗೆ ಬಿಗಿದ ರಬ್ಬರ್ ಹಲಗೆ, ಬಿಸಿಲಿಗೆ ಒಣಗಿ ಇಟ್ಟಂಗಿಯಾಗಿತ್ತು. ನಾನು ಮುಟ್ಟಿ ನೋಡಿದ ಕೂಡಲೇ ನನ್ನ ಬೆನ್ನಿನ ಕೆಳಗಿನ ಮೂಳೆ ಅದನ್ನು ಗುರುತಿಸಿತು. ಚಾಚಾ ಮುಂದೆ, ನಾನು ಹಿಂದೆ, ಹೊಲದ ದಾರಿಯಲ್ಲಿ ಹೋದೆವು. ಹಲ್ಲು ಬಡಿಯಿತು, ನಾಲಿಗೆ ಕಚ್ಚಿಕೊಂಡೆ, ಕಣ್ಣಲ್ಲಿ ನೀರು ಬಂತು.

"ಚಾಚಾ, ಇದ!" ಎಂದು ಕೂಗಿದೆ. ಬಾಯಲ್ಲಿ ರಕ್ತದ ರುಚಿ.

"ಒಮ್ಮೆ ಮುಂದನೂ ಕುಂದ್ರಿ. ಓಡಸವರು ನೀವ ಅಲ್ಲೇನ?"

ಅಲ್ಲಿ ನನ್ನ ಫಜೀತಿಯಾಯಿತು. ಈ ಹಳೆಯ ಬುಲೆಟ್ಟುಗಳಲ್ಲಿ ಎಲ್ಲ ಅದಲುಬದಲು: ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಾನು ಕಲಿತು ಲೈಸೆನ್ಸ್ ಪಡೆದದ್ದು ಈಗಿನ ಗಾಡಿಯ ಮೇಲೆ. ಗೋದಾಮಿನ ಅಂಗಳದಲ್ಲಿ ನಿಲ್ಲಿಸಬೇಕೆಂದು ಬಲಗಾಲು ಒತ್ತಿದೆ. ಗಾಡಿ ನಿಲ್ಲುವ ಬದಲು ಗೇರು ಬದಲಿಸಿಕೊಂಡು, ಕೆಮ್ಮಿ, ಮುಂದೆ ಹೋಗಿ ಉಳ್ಳಾಗಡ್ಡಿಯ ರಾಶಿಯೊಳಗೆ ಮೂಗು ತೂರಿತು. ವ್ಯಾಪಾರಿ ಓಡಿ ಬಂದ, ನನ್ನನ್ನಲ್ಲ, ಉಳ್ಳಾಗಡ್ಡಿ ಎತ್ತಲು. "ಗಾಡಿ ಒಯ್ಯಿರಿ, ಬೇಗ ಒಯ್ಯಿರಿ" ಎಂದು ಮರಾಠಿಯಲ್ಲಿ ಕೈಮುಗಿದ. ಚಾಚಾ ನನ್ನ ಕಿವಿಯಲ್ಲಿ, "ದಸರೆ ದಿನ ಹಿಂಗಾದ್ರ ನಿಮ್ಮ ಮಾವ ಊರಿಗೆಲ್ಲ ಪೇಢೆ ಹಂಚತಾನ" ಅಂದರು.

ಆ ಒಂದು ಮಾತು ಸಾಕಾಯಿತು. ದಸರೆಯವರೆಗೆ ಪ್ರತಿದಿನ ಬೆಳಕು ಹರಿಯುವ ಹೊತ್ತಿಗೆ ಬಿಬ್ವೇವಾಡಿಯ ಏರಿನ ಮೇಲೆ ನಾನಿರುತ್ತಿದ್ದೆ. ಜಿಟಿಜಿಟಿ ಮಳೆ. ಎದುರಿಗೆ ವಾಯುವಿಹಾರದ ಮುದುಕರು. ಬಲಗಾಲಿಗೆ ಗೇರು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಏರು ಹತ್ತಿ ಇಳಿದೆ. ಕಿಕ್ಕು ತಿರುಗಿ ಒದ್ದು ಮೊಣಕಾಲ ಕೆಳಗೆ ಬದನೆಕಾಯಿಯ ಬಣ್ಣ ಬಂತು. ಟಾಕಿಯ ಮುಂದಿನ ಗಡಿಯಾರದಂಥ ಮೀಟರಿನ ಮುಳ್ಳನ್ನು ಮೊದಲು ನಡುವೆ ತರಬೇಕು, ಎಡಗೈಯ ಸಣ್ಣ ಹಿಡಿಕೆ ಒತ್ತಿ ಎಂಜಿನ್ನಿನ ಉಸಿರು ಬಿಡಿಸಬೇಕು, ಆಮೇಲೆ ಮೈಭಾರ ಹಾಕಿ ಒಂದೇ ಕಿಕ್ಕು. ಇದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಮಾವ ಚಾಲೂ ಮಾಡುವಾಗ ಗಂಟು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದವನು ನಾನೇ.

ದಸರೆಯ ಬೆಳಿಗ್ಗೆ ಮಳೆ ಇರಲಿಲ್ಲ. ಸುಮನ ಮಾವಶಿ ಗಾಡಿಗೆ ತಾನೇ ಚೆಂಡುಹೂವಿನ ಹಾರ ಕಟ್ಟಿದಳು. ಗೌರವ್ವ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು, ಹಿಂದಿನ ಸೀಟನ್ನು ಒಮ್ಮೆ ನೋಡಿದಳು, ಮಗಳ ಜೊತೆ ರಿಕ್ಷಾದಲ್ಲಿ ಬರುತ್ತೇನೆ ಅಂದಳು.

ವಾಡೆಯ ಅಂಗಳದಲ್ಲಿ ನಮ್ಮ ಮಂದಿಯೆಲ್ಲ ಸೇರಿದ್ದರು. ತೊಟ್ಟಿಲ ಕಾರ್ಯದಲ್ಲಿ ನಕ್ಕವರೆಲ್ಲ ಇದ್ದರು. ಬುಲೆಟ್ಟಿನ ಸಪ್ಪಳ ಓಣಿಗೆ ಬಂದಾಗ ಅವರು ತಿರುಗಿ ನೋಡಿದ ರೀತಿಯನ್ನು ನಾನು ಈಗಲೂ ಬೇಕೆಂದಾಗ ತೆಗೆದು ನೋಡುತ್ತೇನೆ. ಎಡಗಾಲಿನಿಂದ ಬ್ರೇಕು ಒತ್ತಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮಾವ ಕಟ್ಟೆಯ ಮೇಲೆ ಜರಿಯ ರುಮಾಲು ಸುತ್ತಿಕೊಂಡು ಕೂತಿದ್ದ. ಹೋಗಿ ಕಾಲು ಮುಟ್ಟಿದೆ.

"ಯಾರ ಹಿಂದ ಕುಂತು ಬಂದೆಲೇ?" ಅಂದ ಮಾವ. ಅಭ್ಯಾಸ ಬಲ. ಈ ಸಲ ಯಾರೂ ನಗಲಿಲ್ಲ.

"ಹಿಂದಿನ ಸೀಟು ಖಾಲಿ ಐತ್ರಿ ಮಾವಾ. ನಿಮ್ಮ ಸಲುವಾಗೇ ಬಿಟ್ಟೀನಿ. ಬನ್ನಿಗಿಡಕ್ಕ ಹೋಗೋಣ, ಹತ್ತರಿ."

ಮಾವ ಮೊಣಕಾಲು ಸವರಿಕೊಂಡ. ರಿಕ್ಷಾ ಹೇಳೀನಿ ಅಂದ. ನಾನು ಇನ್ನೂ ಬಗ್ಗಿಯೇ ನಿಂತಿದ್ದೆ, ಕೈಮುಗಿದು. ಅತ್ತೆ ಬಾಗಿಲಿನಿಂದ, "ಹೋಗ್ರೀ, ಹಬ್ಬದ ದಿನ ಹುಡುಗ ಇಷ್ಟು ಮರ್ಯಾದಿಲೆ ಕರಿಯಾಕತ್ತಾನ" ಅಂದಳು. ನಾಲ್ಕು ಮಂದಿ ಹಿರಿಯರೂ ಹೂಂಗುಟ್ಟಿದರು. ಇಬ್ಬರು ಹಿಡಿದು ಹತ್ತಿಸಿದರು. ಪೂಜೆಯ ಬನ್ನಿಯ ಹೊರೆಯನ್ನು ನಾನೇ ತಂದು ಅವನ ತೊಡೆಯ ಮೇಲಿಟ್ಟೆ. ಎರಡೂ ಕೈ ಅದರ ಮೇಲೆ ಇರುವಂತೆ ಇಟ್ಟೆ. ಮುಳ್ಳು ನಡುವೆ ತಂದೆ. ಒಂದೇ ಕಿಕ್ಕು.

ಗುಡಿಗೆ ನೇರ ದಾರಿಯಿತ್ತು. ನಾನು ಪೇಟೆಯ ದಾರಿ ಹಿಡಿದೆ. ಆ ಮಳೆಗಾಲ ರಸ್ತೆಗಳನ್ನು ಅಗೆದು ಬಿಟ್ಟಿತ್ತು, ಯಾವ ತಗ್ಗು ಎಲ್ಲಿದೆ ಎಂಬುದನ್ನು ಮೊದಲೇ ನೋಡಿ ಇಟ್ಟಿದ್ದೆ. ಒಂದನ್ನೂ ತಪ್ಪಿಸಲಿಲ್ಲ. ಗಾಡಿ ಬಿದ್ದೆದ್ದಾಗ ನಾನು ಸ್ಪ್ರಿಂಗಿನ ಮೇಲೆ ತೂಗಿದೆ. ಹಿಂದಿನಿಂದ ಉಸಿರು ಸಿಕ್ಕಿಹಾಕಿಕೊಂಡ ಸಪ್ಪಳ ಬಂತು. ಮಾವ ಬೆನ್ನು ತಟ್ಟಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಬನ್ನಿಯ ಎಲೆ ನನ್ನ ಭುಜದ ಮೇಲೆ ಉದುರಿ ಬೀಳುತ್ತಿದ್ದವು. ನಾನು ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು ಲಕ್ಷ್ಮೀ ರಸ್ತೆಯಲ್ಲಿ, ಖಣದ ಗಂಟು ಮೊಟ್ಟಮೊದಲು ಇಳಿಸುತ್ತಿದ್ದ ಅಂಗಡಿಯ ಮುಂದೆ. ಹಳೆಯ ಶೇಠ ಈಗಿಲ್ಲ, ಸೊಸೆ ನೋಡಿಕೊಳ್ಳುತ್ತಾಳೆ. ಬಾಗಿಲಿಗೆ ತೋರಣ ಕಟ್ಟಿಸುತ್ತಿದ್ದವಳು ಓಡಿ ಬಂದು, "ಅರೇ ಈರಣ್ಣಾ, ನವೀ ಗಾಡೀ?" ಅಂದಳು. ಆಮೇಲೆ ನನ್ನ ಹಿಂದೆ, ಎಲೆಯ ಹೊರೆಯ ಮೇಲೆ ಗದ್ದವಿಟ್ಟು ಕೂತಿದ್ದ ಮುದುಕನನ್ನು ನೋಡಿದಳು. "ಆಣಿ ಹೇ ಕೋಣ?" ಇವರಾರು?

ನಾನು ಅವಸರ ಮಾಡಲಿಲ್ಲ.

"ಹಾ ಆಮಚಾ ಮಾಣೂಸ."

ಹಿಂದೆ ಮಾವ ಗಂಟಲು ಸರಿಮಾಡಿಕೊಂಡ. "ಅಹೋ ತಾಈ, ಮೀ ಚನ್ನ..." ಅಷ್ಟರಲ್ಲಿ ನಿಂತಲ್ಲೇ ಹಿಡಿಕೆ ತಿರುವಿದೆ. ಬುಲೆಟ್ಟು ಗರ್ಜಿಸಿತು. ಅವನ ಹೆಸರಿನ ಉಳಿದ ಅರ್ಧ ಆ ಸಪ್ಪಳದೊಳಗೆ ಹೋಯಿತು. ಅವಳು ಇಬ್ಬರಿಗೂ ಒಂದೊಂದು ಪೇಢೆ ಕೊಟ್ಟಳು. ನಾನು ತಿಂದೆ. ಮಾವನ ಎರಡೂ ಕೈ ಹೊರೆಯ ಮೇಲಿದ್ದವು, ತೆಗೆದುಕೊಳ್ಳಲಾಗಲಿಲ್ಲ. ಅವಳೇ ಅವನ ಬಾಯಲ್ಲಿ ಹಾಕಿದಳು.

ಬನ್ನಿಗಿಡದ ಹತ್ತಿರ ಇಬ್ಬರು ಹಿಡಿದು ಇಳಿಸಬೇಕಾಯಿತು. ಮಾವನ ಕಾಲು ಜೋಮು ಹಿಡಿದು ನಿಲ್ಲುತ್ತಿರಲಿಲ್ಲ. ರುಮಾಲು ಒಂದು ಕಡೆ ವಾಲಿತ್ತು. ಪೂಜೆಯಾದ ಮೇಲೆ ಅವನಿಗೆ ಬನ್ನಿ ಕೊಟ್ಟು ಮತ್ತೆ ಕಾಲು ಮುಟ್ಟಿದೆ. ರೂಢಿಯಂತೆ ಅವನೂ ನನ್ನ ಕೈಗೆ ಎಲೆ ಇಟ್ಟ, "ಬಂಗಾರದಂಗ ಇರು" ಅಂದ. ಕೈ ಬಿಡದೆ, ಉಳಿದವರಿಗೆ ಕೇಳಿಸದ ಹಾಗೆ ಒಂದು ಮಾತು ಹೇಳಿದ.

"ಹಿಂದಿನ ಸೀಟು ಭಾಳ ಬಿರುಸೈತಿ, ಈರಣ್ಣಾ."

ಅವನ ಬಾಯಿಂದ ಪೂರ್ತಿ ಹೆಸರು ನಾನು ಕೇಳಿದ್ದು ಅದೇ ಮೊದಲು.

"ಗೊತ್ತೈತ್ರಿ ಮಾವಾ" ಅಂದೆ. "ನೋಡೇ ತಗೊಂಡೀನಿ."

ಅವನು ನನ್ನ ಮುಖ ನೋಡಿದ, ಗಾಡಿ ನೋಡಿದ, ಹಿಂದಿನ ಸೀಟು ನೋಡಿದ. ತಿಳಿಯಬೇಕಾದದ್ದೆಲ್ಲ ತಿಳಿಯಿತು ಎಂಬುದು ನನಗೂ ತಿಳಿಯಿತು. ತಿರುಗಿ ಹೋಗುವಾಗ ರಿಕ್ಷಾದಲ್ಲಿ ಹೋದ. ನನ್ನ ಮನಸ್ಸು ಕರಗಿತೇ ಎಂದು ಗೌರವ್ವ ಅಂದು ಕೇಳಿದ್ದಳು. ಕರಗಲಿಲ್ಲ. ಇವತ್ತಿಗೂ ಕರಗಿಲ್ಲ. ಲಕ್ಷ್ಮೀ ರಸ್ತೆಯಲ್ಲಿ ತಿಂದಂಥ ಪೇಢೆ ನಾನು ಮತ್ತೆಲ್ಲೂ ತಿಂದಿಲ್ಲ.

ಮರುವರ್ಷ ದಸರೆಗೆ ನಾನು ಗಾಡಿ ತೊಳೆದು, ಹಾರ ಹಾಕಿ, ವಾಡೆಯ ಮುಂದೆ ಹೋಗಿ ನಿಂತೆ. ಮಾವ ಅಷ್ಟು ಹೊತ್ತಿಗೇ ಮಗನ ಕಾರಿನಲ್ಲಿ ಹೋಗಿದ್ದ. ಈ ವರ್ಷವೂ ಹೋಗಿ ನಿಲ್ಲುತ್ತೇನೆ. ಸೀಟು ಬದಲಿಸುತ್ತೇನೆ ಎಂದು ಗೌರವ್ವನಿಗೆ ಕೊಟ್ಟ ಮಾತು ಹಾಗೇ ಇದೆ. ಅವಳು ಈಗ ಕೇಳುವುದನ್ನು ಬಿಟ್ಟು ತನ್ನದೇ ಲೈಸೆನ್ಸ್ ಮಾಡಿಸಿದ್ದಾಳೆ. ಬಾರಾಮತಿಯ ಕುಂಕುಮ ಬಣ್ಣದ ಗಾಡಿಯನ್ನು ಯಾರೋ ಒಯ್ದರಂತೆ. ಚಾಚಾ ಹೇಳಿದರು, ನಾನು ಯಾರೆಂದು ಕೇಳಲಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ಬಿಬ್ವೇವಾಡಿಯಲ್ಲಿ ಒಂದು ಅಂಗಡಿ. ಮೂರು ಹೊಲಿಗೆ ಯಂತ್ರ. ಒಬ್ಬ ಹೆಂಡತಿ, ಒಬ್ಬ ಮಗಳು, ಅವರಿಬ್ಬರಿಗೂ ಕೂಡಿ ಒಂದು ಸ್ಕೂಟರು. ಒಂದು ಲೈಸೆನ್ಸ್. ಒಂದು ಬುಲೆಟ್ಟು. ಅದಕ್ಕೆ ಎರಡು ಸೀಟು. ಮುಂದಿನದು ನನ್ನದು. ಹಿಂದಿನದರ ಮೇಲೆ ಮಾವನ ನಂತರ ಯಾರೂ ಕೂತಿಲ್ಲ.